ಲೈಲ್ ಬ್ರೆಕ್ಕೆ ಯಾರಿಗೆ ಓಟು ಹಾಕಿದ

ನನ್ನ ತಮ್ಮನನ್ನು ಬೈಯುವ ಹಕ್ಕು ಈ ಭೂಮಿಯ ಮೇಲೆ ಒಬ್ಬಳಿಗೇ ಇರೋದು. ಅದು ನನಗೆ. ಅವನು ತೊಟ್ಟಿಲಲ್ಲಿದ್ದಾಗಿನಿಂದ ಬೈದಿದ್ದೇನೆ, ವಿಸ್ಕಾನ್ಸಿನ್ ವಿಧಾನಸಭೆಗೆ ಆರಿಸಿ ಹೋದಮೇಲೂ ಬಿಟ್ಟಿಲ್ಲ. ಆದರೆ ಆ ವರ್ಷ ನಮ್ಮ ಸೋಲ್‌ಬರ್ಗಿನಲ್ಲಿ ಬಾಯಿದ್ದವರೆಲ್ಲ ಅವನನ್ನು ಬೈಯೋಕೆ ಶುರುಮಾಡಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಬೈಯುವುದಕ್ಕೆ ಕಾರಣ ಇತ್ತು, ಇಲ್ಲ ಅನ್ನೋದಿಲ್ಲ. ಊರಾಚೆಯ ಗೂಬೆಗುಡ್ಡದ ಹೊಟ್ಟೆಯಲ್ಲಿ ಬಿಳೀ ಮರಳಿದೆ. ಎಣ್ಣೆಬಾವಿ ಕೊರೆಯುವ ಕಂಪನಿಗಳಿಗೆ ಅದು ಬೇಕು. ಗಣಿ ಬೇಡ ಅನ್ನುವ ಅಧಿಕಾರ ಅಲ್ಲಿತನಕ ಊರವರ ಕೈಯಲ್ಲಿತ್ತು. ಅದನ್ನು ಕಿತ್ತುಕೊಳ್ಳುವ ಕಾನೂನೊಂದು ರಾಜಧಾನಿ ಮ್ಯಾಡಿಸನ್‌ನಲ್ಲಿ ತಯಾರಾಯಿತು. "ನಾನಂತೂ ಇದಕ್ಕೆ ಕೈ ಎತ್ತಲ್ಲ" ಅಂತ ಲೈಲ್ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೆದುರು ಹೇಳಿದ. ಆಮೇಲೆ ಹೋಗಿ ಎತ್ತಿದ. ಯಾಕೆ ಅಂತ ಒಬ್ಬರಿಗೂ ಬಾಯಿ ಬಿಡಲಿಲ್ಲ.

ಊರಿಗೆಲ್ಲ ಸಿಟ್ಟು ಬಂತು. ನನಗೆ ಸಿಟ್ಟಿಗಿಂತ ಕುತೂಹಲ ಜಾಸ್ತಿ. ಹುಟ್ಟುಗುಣ, ಏನು ಮಾಡೋದು? ಇನ್ನೊಬ್ಬರ ವಿಷಯ ಕೇಳಬಾರದು ಅನ್ನೋದು ನಮ್ಮ ನಾರ್ವೆ ಮೂಲದವರ ಮೊದಲ ಪಾಠ. ಆ ಪಾಠ ಹೇಳಿಕೊಡುವ ದಿನ ನಾನು ಶಾಲೆಗೆ ಹೋಗಿರಲಿಲ್ಲವೇನೋ. ನೇರ ಅವನ ಮನೆಗೆ ಹೋದೆ.

"ಯಾಕೋ ಎತ್ತಿದೆ ಕೈ?"

"ಬಿಡು ಅಕ್ಕಾ."

"ಬಿಡಲ್ಲ. ದುಡ್ಡು ತಿಂದ್ಯಾ?"

"ಛೀ!"

"ಮತ್ತೆ?"

ಅವನು ಕಿಟಕಿ ಕಡೆ ತಿರುಗಿ ನಿಂತ. "ಸೇತುವೆ ಕೊಡ್ತೀವಿ ಅಂದ್ರು" ಅಂದ, ಮೆಲ್ಲಗೆ. ಹೊಳೆಯ ಹಳೇ ಸೇತುವೆ ಮೇಲೆ ಶಾಲೆ ಬಸ್ಸು ಓಡಿಸಬಾರದು ಅಂತ ಆಗಿ ಎಷ್ಟೋ ವರ್ಷ. ಮಕ್ಕಳು ಕತ್ತಲಲ್ಲಿ ಎದ್ದು ಸುತ್ತುದಾರಿಯಲ್ಲಿ ಹೋಗ್ತಾರೆ. ಆ ಬಸ್ಸು ಓಡಿಸಿದವಳು ನಾನೇ. ಹಿಂದಿನ ಸೀಟಿನಲ್ಲಿ ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗೋದನ್ನ ಕನ್ನಡಿಯಲ್ಲಿ ನೋಡಿದ್ದೇನೆ. ಗುಡ್ಡದ ಕಾನೂನಿಗೆ ಕೈ ಎತ್ತಿದರೆ ಸೇತುವೆ ನಿನ್ನದು ಅಂತ ಪಕ್ಷದ ದೊಡ್ಡವರು ಹೇಳಿದ್ದರು. ಇವನು ಎತ್ತಿದ.

"ಇದನ್ನ ಊರಿಗೆ ಹೇಳೋದಕ್ಕೇನು ದಾಡಿ ನಿನಗೆ?"

"ಹೇಳಿದ್ರೆ ನಾನು ಸೇತುವೆ ತಂದೆ, ನಾನು ಸೇತುವೆ ತಂದೆ ಅಂತ ಹೇಳ್ಕೊಂಡ ಹಾಗಾಗುತ್ತೆ."

ನಾನು ಹಣೆ ಚಚ್ಚಿಕೊಂಡೆ. ಇವನು ಹೇಳದಿದ್ದರೇನು, ನಾನಿಲ್ಲವೇ? ಮಾರನೇ ದಿನದಿಂದ ಕಂಡಕಂಡವರಿಗೆಲ್ಲ ಹೇಳಿದೆ. ಅರ್ಧ ಊರು ಹೌದಲ್ವಾ ಅಂತು. ಇನ್ನರ್ಧ, ಗುಡ್ಡ ಹೋದಮೇಲೆ ಸೇತುವೆ ದಾಟಿ ಎಲ್ಲಿಗೆ ಹೋಗೋದು ಅಂತು.

ಆ ಇನ್ನರ್ಧ ಊರಿನ ಬಾಯಿ ಅಂದರೆ ಸಿಗ್ನೆ ಟ್ವೈಟ್. ಗುಡ್ಡದ ಬುಡದಲ್ಲೇ ಅವಳ ಹಟ್ಟಿ, ಹಸುಗಳು, ಬಾವಿ. ನಾವಿಬ್ಬರೂ ಶಾಲೆಯಲ್ಲಿ ಒಂದೇ ಬೆಂಚು. ಪ್ರತಿ ನವೆಂಬರ್‌ನಲ್ಲಿ ಚರ್ಚಿಗಾಗಿ ಆಲೂಗಡ್ಡೆ ರೊಟ್ಟಿ ಲಟ್ಟಿಸುವವರು ನಾವೇ ಇಬ್ಬರು. ಅವಳು ಲಟ್ಟಿಸೋದು, ನಾನು ಬೇಯಿಸೋದು. ಆ ಸಲ ಹಿಟ್ಟು ನಾದುತ್ತಾ ಅವಳೇ ಮಾತು ತೆಗೆದಳು.

"ಆರ್ಡಿಸ್, ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳಬಾರ್ದು ಅಂತ ಹೇಳ್ತಿದೀನಿ. ನಾಳೆಯಿಂದ ಸಹಿ ಕೂಡಿಸೋಕೆ ಶುರುಮಾಡ್ತೀನಿ. ಲೈಲ್‌ನ ವಾಪಸ್ ಕರೆಸೋಕೆ."

ನಮ್ಮ ರಾಜ್ಯದ ಕಾನೂನು ಹಾಗಿದೆ. ಕಳಿಸಿದವನು ಮಾತು ತಪ್ಪಿದರೆ ಅವನ ಅವಧಿ ಮುಗಿಯೋತನಕ ಹಲ್ಲು ಕಚ್ಚಿಕೊಂಡು ಕಾಯಬೇಕಾಗಿಲ್ಲ. ಸಾಕಷ್ಟು ಜನ ಸಹಿ ಹಾಕಿದರೆ ಮಧ್ಯದಲ್ಲೇ ಮತ್ತೊಂದು ಚುನಾವಣೆ. ಅವನೂ ನಿಲ್ಲಬಹುದು, ಎದುರಿಗೆ ಇನ್ನೊಬ್ಬರೂ ನಿಲ್ಲಬಹುದು. ಗೆದ್ದವರಿಗೆ ಕುರ್ಚಿ.

"ಎದುರಿಗೆ ನಿಲ್ಲೋ ಪುಣ್ಯಾತ್ಮ ಯಾರು?" ಅಂದೆ.

ಸಿಗ್ನೆ ಕೆಂಪಾದಳು. "ಯಾರೂ ಒಪ್ಪಲಿಲ್ಲ ಕಣೇ. ನನ್ನ ಕುತ್ತಿಗೆಗೇ ಬಂತು."

ನನ್ನ ಬಾಯಿಗೆ ಏನೇನು ಬಂತೋ! ಒಂದನ್ನೂ ಆಡಲಿಲ್ಲ, ಹೆಂಚಿನ ಮೇಲಿದ್ದ ರೊಟ್ಟಿಯನ್ನು ಕರಕಲು ಮಾಡಿದೆ. ಅವಳು ಅದನ್ನೆತ್ತಿ ಹಸುಗಳ ಬಕೆಟ್ಟಿಗೆ ಹಾಕಿ ಇನ್ನೊಂದು ಲಟ್ಟಿಸಿ ಕೊಟ್ಟಳು.

ಸಹಿ ಕೂಡಿಸೋಕೆ ಅವಳು ಆರಿಸಿದ ಜಾಗ ನೋಡಿ, ಅವಳ ತಲೆಗೆ ನಾನು ಭೇಷ್ ಅನ್ನಲೇಬೇಕಾಯಿತು. ಜಿಂಕೆ ಬೇಟೆಯ ವಾರ ಅದು. ಗಂಡಸರು, ಅರ್ಧಕ್ಕರ್ಧ ಹೆಂಗಸರು, ಎಲ್ಲ ಕಿತ್ತಳೆ ಕೋಟು ತೊಟ್ಟು ಕಾಡಿಗೆ ಹೋಗ್ತಾರೆ. ಹೊಡೆದ ಜಿಂಕೆಯನ್ನು ಗಾಡಿಯಲ್ಲಿ ಹಾಕಿಕೊಂಡು ಪೆಟ್ರೋಲ್ ಬಂಕಿನ ಪಕ್ಕದ ಅಂಗಳಕ್ಕೆ ತಂದು ಸರ್ಕಾರಕ್ಕೆ ಲೆಕ್ಕ ಬರೆಸಲೇಬೇಕು. ಸಾಲು ಎಂದರೆ ಸಾಲು. ಆ ಸಾಲಿನ ತುದಿಗೆ ಸಿಗ್ನೆ ಒಂದು ಮೇಜು ಹಾಕಿ, ಬಿಸಿ ಕಾಫಿ ಇಟ್ಟು, ಸಹಿಯ ಹಾಳೆ ಹರಡಿಕೊಂಡು ಕೂತಳು. ಚಳಿಯಲ್ಲಿ ನಡುಗುತ್ತಾ ನಿಂತವನು ಕಾಫಿ ಕುಡಿದು ಸಹಿ ಹಾಕದೆ ಹೋಗ್ತಾನಾ?

ಯಾರ್ಯಾರು ಹಾಕ್ತಾರೆ ನೋಡಬೇಕಲ್ಲ, ನಾನೂ ಹೋಗಿ ನಿಂತೆ. ಬಂಕಿಗೆ ಬಂದವಳ ಹಾಗೆ ಗಾಡಿಯ ಗಾಜು ಒರೆಸಿದ್ದೇ ಒರೆಸಿದ್ದು. ಗಾಜು ಸವೆಯೋ ಹೊತ್ತಿಗೆ ಲೈಲ್ ಬಂದ! ಅವನ ಗಾಡಿಯಲ್ಲೂ ಒಂದು ಜಿಂಕೆ. ಸಾಲಿನಲ್ಲಿದ್ದವರೆಲ್ಲ ಅವರವರ ಬೂಟು ನೋಡಿಕೊಂಡರು. ಸಾಲು ಸರಿದು ಸರಿದು ಅವನು ಸಿಗ್ನೆಯ ಮೇಜಿನ ಮುಂದೆ ಬಂದ.

"ಕಾಫಿ?" ಅಂದಳು ಸಿಗ್ನೆ.

"ನಿನಗೆ ತೊಂದ್ರೆ ಆಗದಿದ್ರೆ" ಅಂದ ಲೈಲ್.

ಅಷ್ಟರಲ್ಲಿ ಗಾಳಿ ಎದ್ದು ಹಾಳೆಗಳು ಹಾರತೊಡಗಿದವು. ನನ್ನ ತಮ್ಮ, ಕಾಫಿ ಲೋಟ ಕೆಳಗಿಟ್ಟು, ಎರಡೂ ಕೈಯಿಂದ ಆ ಹಾಳೆಗಳನ್ನು ಒತ್ತಿ ಹಿಡಿದು ನಿಂತ! ತನ್ನನ್ನೇ ಕಿತ್ತೊಗೆಯುವ ಹಾಳೆಗಳು. ಅವನ ಹಿಂದಿದ್ದವನು ಅವನ ಬೆರಳುಗಳ ನಡುವೆಯೇ ಸಹಿ ಹಾಕಿದ, "ಥ್ಯಾಂಕ್ಸ್ ಲೈಲ್" ಅಂತ ಬೇರೆ ಅಂದ. ನಾನು ಒರೆಸುವ ಬಟ್ಟೆಯನ್ನು ನೆಲಕ್ಕೆ ಬಿಸಾಕಿ ಮನೆಗೆ ಬಂದೆ.

ಸಹಿಗಳು ಬೇಕಾದ್ದಕ್ಕಿಂತ ಹೆಚ್ಚೇ ಬಿದ್ದವು. ಚುನಾವಣೆ ಮೇ ತಿಂಗಳಿಗೆ ಗೊತ್ತಾಯಿತು.

ಈಗ ನನ್ನ ಭಯ ಹೇಳಬೇಕು. ವರ್ಷಗಳ ಹಿಂದೆ ಹೆಂಡತಿ ಬಿಟ್ಟುಹೋದಾಗ ಲೈಲ್ ಆ ಚಳಿಗಾಲವಿಡೀ ಕಿಟಕಿಯ ಪರದೆ ಎಳೆದುಕೊಂಡು ಕೂತವನು ಏಳಲಿಲ್ಲ. ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದ, ಇಡದಿದ್ದರೆ ಇಲ್ಲ. ನಾನು ಬೆಳಿಗ್ಗೆ ಬಾಗಿಲು ತೆಗೆಯುವಾಗ, ಒಳಗೆ ಏನು ನೋಡಬೇಕಾಗುತ್ತೋ ಅಂತ ಉಸಿರು ಬಿಗಿಹಿಡಿದೇ ತೆಗೀತಿದ್ದೆ. ಯಾರೋ ಅವನನ್ನು ಚುನಾವಣೆಗೆ ನಿಲ್ಲು ಅಂದರು, ನಿಂತ, ಗೆದ್ದ. ಆಮೇಲೆ ರಸ್ತೆಯಲ್ಲಿ ಗುಂಡಿ ಬಿದ್ದಿದೆ, ಪಿಂಚಣಿ ಬಂದಿಲ್ಲ ಅಂತ ಜನ ಫೋನು ಮಾಡೋರು. ಇವನು ಎದ್ದು ಓಡೋನು. ಆ ಫೋನೇ ನನ್ನ ತಮ್ಮನನ್ನು ನನಗೆ ವಾಪಸ್ ಕೊಟ್ಟಿದ್ದು. ಕುರ್ಚಿ ಹೋದರೆ ಫೋನು ನಿಲ್ಲುತ್ತೆ, ಫೋನು ನಿಂತರೆ ಮತ್ತೆ ಆ ಪರದೆ. ಗುಡ್ಡ, ಸೇತುವೆ ಎರಡೂ ಹಾಳಾಗಿ ಹೋಗಲಿ, ನನಗೆ ಬೇಕಾಗಿದ್ದು ಅವನ ಕುರ್ಚಿ ಉಳಿಯೋದು. ಅಷ್ಟೇ.

ಗೆಲುವು ಯಾರ ಕಡೆ ಅಂತ ಹೇಳೋಕೆ ದೇವರಿಗೂ ಆಗ್ತಿರಲಿಲ್ಲ. ಒಂದೊಂದು ಮನೆಯಲ್ಲೂ ಗಂಡ ಈ ಕಡೆ, ಹೆಂಡತಿ ಆ ಕಡೆ. ಇಂಥ ಹೊತ್ತಲ್ಲಿ ನನಗೆ ಇನ್ನೊಂದು ಚಿಂತೆ ಅಂಟಿಕೊಂಡಿತ್ತು. ಅದು ಯಾರಿಗೂ ಹೇಳುವ ಹಾಗಿರಲಿಲ್ಲ. ಲೈಲ್ ತನಗೆ ತಾನು ಓಟು ಹಾಕಿಕೊಳ್ಳುವವನಲ್ಲ.

ನಗಬೇಡಿ. ನಮ್ಮಲ್ಲಿ ತನಗೆ ತಾನೇ ಓಟು ಹಾಕಿಕೊಳ್ಳೋದು ಅಂದರೆ ಪಂಕ್ತಿಯಲ್ಲಿ ಎಲ್ಲರೂ ನೋಡುತ್ತಿರುವಾಗ ಪಾತ್ರೆಯಲ್ಲಿದ್ದ ಕೊನೇ ತುಂಡನ್ನು ತಾನೇ ಬಡಿಸಿಕೊಂಡ ಹಾಗೆ. ಚರ್ಚಿನ ಸಮಿತಿಗೇ ಆಗಲಿ, ಹಾಲಿನ ಸಂಘಕ್ಕೇ ಆಗಲಿ, ನಿಂತವರು ಇನ್ನೊಬ್ಬರಿಗೆ ಹಾಕಿ ಬರ್ತಾರೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಿಕೊಡೋದಿಲ್ಲ, ತಾಯಿಹಾಲಿನ ಜೊತೆ ಬರುತ್ತೆ. ಲೈಲ್ ವಿಧಾನಸಭೆಗೆ ನಿಂತಾಗಲೆಲ್ಲ ಎದುರಾಳಿಗೇ ಹಾಕಿದ್ದ. ನನಗೆ ಹೇಗೆ ಗೊತ್ತು ಅಂದರೆ, ಕೇಳಿದ್ದೆ. ಆಗೆಲ್ಲ ಸಾವಿರಗಟ್ಟಲೆ ಓಟಿನಲ್ಲಿ ಗೆಲ್ಲುತ್ತಿದ್ದ, ಒಂದು ಹೋದರೆ ಹೋಯಿತು. ಈ ಸಲ ಹಾಗಲ್ಲ.

ಓಟಿನ ದಿನ ಅವನ ಗಾಡಿ ಹತ್ತಿ ಪಕ್ಕದಲ್ಲಿ ಕೂತೆ.

"ಈ ಸಲ ನಿನಗೇ ಹಾಕ್ಕೋ" ಅಂದೆ.

"ಅಕ್ಕಾ, ಸುಮ್ನಿರು."

"ಯಾರು ನೋಡ್ತಾರೋ? ಪರದೆ ಇರುತ್ತೆ."

"ದೇವರು ನೋಡ್ತಾನೆ."

"ದೇವರು ಇವತ್ತು ಪಕ್ಕದ ರಾಜ್ಯ ಮಿನೆಸೋಟಾಕ್ಕೆ ಹೋಗಿದ್ದಾನೆ. ಅಲ್ಲಿಯವರಿಗೆ ಅವನ ಅಗತ್ಯ ಜಾಸ್ತಿ."

ಅವನು ನಗಲಿಲ್ಲ. ಬೇರೆ ದಿನವಾಗಿದ್ದರೆ ನಕ್ಕಿರುತ್ತಿದ್ದ. "ತನ್ನ ಬೆನ್ನು ತಾನೇ ತಟ್ಕೊಳ್ಳೋದಾ? ಆಗಲ್ಲ ಅಕ್ಕಾ. ಕೈ ಬರಲ್ಲ."

"ಗುಡ್ಡ ಮಾರೋಕೆ ಕೈ ಬಂತಲ್ಲ!" ಅಂದುಬಿಟ್ಟೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನ ಮುಖ ಸಪ್ಪಗಾಯಿತು. ಗಾಡಿಯನ್ನು ಪಂಚಾಯಿತಿ ಶೆಡ್ಡಿನ ಮುಂದೆ ನಿಲ್ಲಿಸಿ, ಇಳಿಯದೆ ಹಾಗೇ ಕೂತ. ನಾನು ಅವನ ತೋಳು ಹಿಡಿದೆ. ನಮ್ಮ ಮನೆಯಲ್ಲಿ ಒಬ್ಬರನ್ನೊಬ್ಬರು ಮುಟ್ಟೋದು ಸಾವಿನ ದಿನ ಮಾತ್ರ, ಅವನು ಗಾಬರಿಯಾಗಿ ನನ್ನನ್ನು ನೋಡಿದ.

"ಲೈಲ್, ನಾನು ಆ ಚಳಿಗಾಲ ಇನ್ನೊಂದ್ಸಲ ನೋಡಲಾರೆ ಕಣೋ. ನಿನಗೋಸ್ಕರ ಬೇಡ, ನನಗೋಸ್ಕರ ಹಾಕು. ಆವಾಗ ಅದು ನಿನಗೆ ಹಾಕ್ಕೊಂಡ ಹಾಗಲ್ಲ."

ಅವನು ಇಳಿದು ಹೋದ. ಹಿಮ ತಳ್ಳುವ ಯಂತ್ರವನ್ನು ಗೋಡೆಗೆ ಸರಿಸಿ ಓಟಿನ ಮೇಜು ಹಾಕಿದ್ದರು. ಮೇಜಿನ ಹಿಂದೆ ಮುದುಕ ಓರ್ವಿಲ್ ಒಬ್ಬೊಬ್ಬರ ಹೆಸರು ಕೂಗುತ್ತಿದ್ದ. ಸಿಗ್ನೆ ಆಗಲೇ ಓಟು ಹಾಕಿ ಹೊರಗೆ ಬರ್ತಾ ಇದ್ದಳು, ಲೈಲ್‌ಗೆ ಬಾಗಿಲು ಹಿಡಿದು ನಿಂತಳು. ನಾನು ನನ್ನ ಓಟು ಹಾಕಿ ಬಂದು ಕಾದೆ. ಲೈಲ್ ಪರದೆಯ ಹಿಂದೆ ಎಷ್ಟು ಹೊತ್ತು ನಿಂತ ಅಂದರೆ, "ಪೆನ್ನು ಕೆಟ್ಟಿದೆಯೇನೋ ಲೈಲ್?" ಅಂತ ಓರ್ವಿಲ್ ಕೂಗಿ ಕೇಳಿದ. ಕೊನೆಗೆ ಹೊರಗೆ ಬಂದಾಗ ಅವನ ಕಿವಿ ಎರಡೂ ಕೆಂಡದ ಹಾಗೆ ಕೆಂಪು. ನನಗೆ ಕೇಳಬೇಕಾಗಲಿಲ್ಲ.

ಎಣಿಸಿದರು. ಲೈಲ್ ಒಂದು ಓಟಿನಿಂದ ಗೆದ್ದಿದ್ದ. ಮತ್ತೆ ಎಣಿಸಿ ಅಂತ ಸಿಗ್ನೆಯ ಕಡೆಯವರು ಕೇಳಿದರು. ಮತ್ತೆ ಎಣಿಸಿದರು, ಮತ್ತೆ ಒಂದೇ. ನನಗಾದ ಸಂತೋಷಕ್ಕೆ ನಾನು ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ನಾಯಿ ಹೆದರಿ ಮೇಜಿನ ಕೆಳಗೆ ಸೇರಿಕೊಂಡಿತು. ಆ ಒಂದು ಓಟು ಯಾವುದು ಅಂತ ನನಗೆ ಗೊತ್ತು, ಲೈಲ್‌ಗೆ ಗೊತ್ತು. ನಾನೇ ಹಾಕಿಸಿದ್ದು! ಎಂಥಾ ಅಕ್ಕ ನಾನು ಅಂತ ನನಗೆ ನಾನೇ ಹೇಳಿಕೊಂಡೆ.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದು ಎಲ್ಲರೂ ನೆಲಮಾಳಿಗೆಗೆ ಇಳಿದರು. "ಸರಿ, ಆಯ್ತಲ್ಲ" ಅಂತ ಒಬ್ಬೊಬ್ಬರೇ ಬಂದು ಲೈಲ್‌ಗೆ ಹೇಳಿದರು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಅಭಿನಂದನೆ ಇಲ್ಲ. ಅವನು ತಲೆ ತಗ್ಗಿಸಿಕೊಂಡು ಬಿಸ್ಕತ್ತು ತಿನ್ನುತ್ತಿದ್ದ. ಯಾರೋ ಮುದುಕಿ ಅವನಿಗೆ ತನ್ನ ಪಿಂಚಣಿಯ ಕತೆ ಶುರುಮಾಡಿದ ಮೇಲೆ ಮುಖಕ್ಕೆ ಸ್ವಲ್ಪ ಕಳೆ ಬಂತು.

ಸಿಗ್ನೆ ಚರ್ಚಿನ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು. ಸೋತವಳು ತೊಳೆಯಬೇಕು ಅಂತೇನಲ್ಲ, ಆ ವಾರ ಅವಳ ಸರದಿ. ನಾನು ಟವಲು ತೆಗೆದುಕೊಂಡು ಒರೆಸೋಕೆ ನಿಂತೆ. ಅವಳ ಕಣ್ಣು ಊದಿತ್ತು. ಗುಡ್ಡದ ಬುಡದಲ್ಲಿ ಕಂಪನಿಯವರು ಆಗಲೇ ಕೆಂಪು ಗೂಟ ನೆಟ್ಟು ಹೋಗಿದ್ದರಂತೆ. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಸಿಗ್ನೆ, ಒಂದು ಕೇಳ್ಲಾ?"

"ಬೇಡ ಅಂದ್ರೆ ಬಿಡ್ತೀಯಾ?"

"ಇಲ್ಲ."

"ಕೇಳು ಮತ್ತೆ."

"ನೀನು ಯಾರಿಗೆ ಹಾಕಿದೆ?"

ಅವಳು ಲೋಟ ಹಿಡಿದ ಕೈಯನ್ನು ನೊರೆಯಲ್ಲೇ ನಿಲ್ಲಿಸಿ ನನ್ನ ಮುಖ ನೋಡಿದಳು. "ಇದೇನೇ ಕೇಳೋದು ನೀನು? ಲೈಲ್‌ಗೆ. ಇನ್ಯಾರಿಗೆ ಹಾಕ್ಲಿ? ನಿಂತಿದ್ದೋರು ನಾವಿಬ್ರೇ."

ನನ್ನ ಕೈಯ ಟವಲು ಅಲ್ಲಿಗೇ ನಿಂತಿತು.

"ಅಯ್ಯೋ ಪೆದ್ದೀ! ನೀನು ಒಂದೇ ಒಂದು ಓಟಲ್ಲಿ ಸೋತಿದ್ದೀಯ ಕಣೇ!"

"ಅದಕ್ಕೇನೀಗ" ಅಂದಳು ಸಿಗ್ನೆ, ಲೋಟ ತೊಳೆಯುತ್ತಾ. "ನಿನ್ನ ತಮ್ಮನೂ ನನಗೇ ಹಾಕಿರ್ತಾನಲ್ಲ. ಅಲ್ಲಿಗಲ್ಲಿಗೆ ಸರಿಹೋಯ್ತು. ಜನ ಅವನನ್ನೇ ಆರಿಸಿದ್ರು, ಮುಗೀತು."

ನಾನು ಲೆಕ್ಕದಲ್ಲಿ ದಡ್ಡಿ. ಆದರೆ ಇದಕ್ಕೆ ಲೆಕ್ಕ ಬರಬೇಕಾಗಿರಲಿಲ್ಲ. ಇವರಿಬ್ಬರನ್ನೂ ಬಿಟ್ಟು ಉಳಿದ ಜನರ ಓಟು ಎಣಿಸಿದರೆ ಸಿಗ್ನೆ ಒಂದು ಓಟು ಮುಂದೆ. ಇಬ್ಬರೂ ಮರ್ಯಾದಸ್ಥರ ಹಾಗೆ ಒಬ್ಬರಿಗೊಬ್ಬರು ಹಾಕಿದ್ದರೂ ಅವಳೇ ಗೆಲ್ಲುತ್ತಿದ್ದಳು. ಇಬ್ಬರೂ ನಾಚಿಕೆಬಿಟ್ಟು ತಮಗೆ ತಾವೇ ಹಾಕಿಕೊಂಡಿದ್ದರೂ ಅವಳೇ. ಊರು ಆರಿಸಿದ್ದು ಅವಳನ್ನು. ಸಿಗ್ನೆ ಮರ್ಯಾದೆ ಉಳಿಸಿಕೊಂಡಳು, ನನ್ನ ತಮ್ಮ ನನ್ನ ಮಾತಿಗೆ ಬಿಟ್ಟುಕೊಟ್ಟ. ಕುರ್ಚಿ ಉಳಿದಿದ್ದು ಅದರಿಂದ.

ಬಾಯಲ್ಲಿ ಬಿಸಿತುಪ್ಪ. ನುಂಗೋ ಹಾಗಿಲ್ಲ, ಉಗಿಯೋ ಹಾಗಿಲ್ಲ. ಬೇಡಬೇಡ ಅಂದರೂ ಹೋಗಿ ಕೇಳಿದ್ದು ನಾನೇ ತಾನೇ, ಅನುಭವಿಸು ಅಂದುಕೊಂಡೆ. ಇದನ್ನು ಲೈಲ್‌ಗೆ ಹೇಳಿದರೆ ಅವನು ಏನು ಮಾಡ್ತಾನೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಹೇಳದಿದ್ದರೆ ಯಾರಿಗೂ ಯಾವತ್ತೂ ತಿಳಿಯೋದಿಲ್ಲ. ಕುರ್ಚಿ ಉಳಿಯುತ್ತೆ, ಫೋನು ಬರ್ತಾನೇ ಇರುತ್ತೆ. ಹೇಳಕೂಡದು ಅಂತ ಹಲ್ಲು ಕಚ್ಚಿಕೊಂಡು ಅವನ ಗಾಡಿ ಹತ್ತಿದೆ.

ಅವನು ಆವತ್ತು ಮಾತಾಡಿದ್ದೇ ಮಾತಾಡಿದ್ದು. ಸೇತುವೆಗೆ ಇಂಥ ತಿಂಗಳು ಕಂಬ ಏಳುತ್ತೆ, ಶಾಲೆ ಶುರುವಾಗೋ ಹೊತ್ತಿಗೆ ಬಸ್ಸು ಬಿಡಬಹುದು, ಮೊದಲ ಬಸ್ಸು ನೀನೇ ಓಡಿಸ್ಬೇಕು ಅಕ್ಕಾ, ಅಂತೆಲ್ಲ. ಇಷ್ಟು ಉಲ್ಲಾಸ ಅವನಲ್ಲಿ ನಾನು ಕಂಡು ಯಾವ ಕಾಲ ಆಗಿತ್ತೋ. ನಾನು ಹ್ಞೂಂ ಹ್ಞೂಂ ಅಂತಿದ್ದೆ. ಅದೇ ತಪ್ಪಾಗಿದ್ದು. ನಾನು ಹ್ಞೂಂ ಅಂತ ಸುಮ್ಮನೆ ಕೂರೋಳಲ್ಲ ಅನ್ನೋದು ಅವನಿಗೂ ಗೊತ್ತು.

"ಏನಾಯ್ತು ಅಕ್ಕಾ? ಅಡುಗೆಮನೇಲಿ ಸಿಗ್ನೆ ಏನಾದ್ರೂ ಅಂದ್ಲಾ?"

"ಇಲ್ಲ."

"ಬೈದ್ಲಾ?"

"ಅವಳು ಬೈದಿದ್ರೆ ಎಷ್ಟೋ ಚೆನ್ನಾಗಿತ್ತು!" ಅಂದೆ. ಆಮೇಲೆ ತಡೆಯೋಕಾಗಲಿಲ್ಲ. "ನಿನಗೆ ಹಾಕಿದ್ದಾಳೆ ಕಣೋ ಅವಳು. ನೀನೂ ಅವಳಿಗೇ ಹಾಕಿರ್ತೀಯ ಅಂತ ನಂಬ್ಕೊಂಡಿದ್ದಾಳೆ."

ಲೈಲ್ ಗಾಡಿ ನಿಧಾನ ಮಾಡಿದ. ತುಟಿ ಅಲುಗಾಡುತ್ತಿತ್ತು, ಲೆಕ್ಕ ಹಾಕುತ್ತಿದ್ದ. ಅವನಿಗೆ ನನಗಿಂತ ಬೇಗ ಲೆಕ್ಕ ಬರುತ್ತೆ. ರಸ್ತೆ ನಡುವೆಯೇ ಗಾಡಿ ತಿರುಗಿಸಿದ.

"ಲೈಲ್, ಬೇಡ ಕಣೋ. ಎಲ್ಲಾರೂ ಮರೀತಾರೆ. ನಿನಗೆ ಹಾಕಿದೋರು ಇನ್ನೂ ಸಾವಿರಾರು ಜನ ಇದ್ದಾರೆ, ಆ ಒಂದು ಓಟು ಅವರಲ್ಲಿ ಯಾರದ್ದು ಬೇಕಾದ್ರೂ ಆಗಿರಬಹುದಲ್ಲ?"

"ಅವರು ಯಾರೂ ತಮಗೆ ತಾವು ಹಾಕ್ಕೊಳ್ಳಲಿಲ್ಲ ಅಕ್ಕಾ" ಅಂದ.

ಸಿಗ್ನೆ ಹಟ್ಟಿಯ ಬಾಗಿಲಲ್ಲಿ ನಿಂತಿದ್ದಳು, ಚರ್ಚಿನ ಬಟ್ಟೆಯ ಮೇಲೆ ರಬ್ಬರ್ ಬೂಟು. ಲೈಲ್ ಇಳಿದು ಅವಳ ಮುಂದೆ ಹೋಗಿ ಟೋಪಿ ತೆಗೆದು ನಿಂತ. ನಾನು ಗಾಡಿಯಲ್ಲೇ ಗಾಜು ಇಳಿಸಿಕೊಂಡು ಕೂತೆ.

"ಸಿಗ್ನೆ, ನಾನು ನನಗೇ ಹಾಕ್ಕೊಂಡೆ."

ಅವಳು ಅವನನ್ನು ನೋಡಿದಳು, ಆಮೇಲೆ ನೆಲ ನೋಡಿದಳು. ಅವನಿಗಿಂತ ಅವಳಿಗೇ ನಾಚಿಕೆಯಾದ ಹಾಗಿತ್ತು.

"ಯಾರು ಹೇಳಿದ್ರು ನಿನಗೆ ಹಾಗೆ ಮಾಡು ಅಂತ?"

"ಯಾರೂ ಇಲ್ಲ. ನಂದೇ ಬುದ್ಧಿ" ಅಂದ ನನ್ನ ತಮ್ಮ.

ಒಮ್ಮೆ ಮಾತು ತಪ್ಪಿದ್ದು ಬಿಟ್ಟರೆ ಹುಟ್ಟಿದಾಗಿನಿಂದ ಒಂದು ಸುಳ್ಳೂ ಹೇಳದವನು ನನಗೋಸ್ಕರ ಹೇಳಿದ. ನಾನು ಗಾಡಿಯಿಂದ ಇಳಿದೆ. ಕೆಸರಲ್ಲಿ ಚರ್ಚಿನ ಚಪ್ಪಲಿ ಹೂತುಕೊಂಡಿತು, ಒಂದನ್ನು ಅಲ್ಲೇ ಬಿಟ್ಟು ಹೋದೆ.

"ನಾನು ಹೇಳಿದ್ದು ಸಿಗ್ನೆ. ನಾನೇ ಹಾಕಿಸಿದ್ದು."

"ಅದು ನನಗೆ ಗೊತ್ತಾಗಲ್ವಾ ಆರ್ಡಿಸ್" ಅಂದಳು ಸಿಗ್ನೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನಾನು ಎದುರು ಮಾತಾಡಿಯಾದರೂ ಹಗುರಾಗುತ್ತಿದ್ದೆ. ಅವಳು ಒಳಗೆ ಹೋಗಿ ಹಸುಗಳಿಗೆ ಹುಲ್ಲು ಎಳೆಯತೊಡಗಿದಳು. ಲೈಲ್ ಹುಲ್ಲೆತ್ತುವ ಇನ್ನೊಂದು ಕವೆಗೋಲು ತೆಗೆದುಕೊಂಡು ಅವಳ ಹಿಂದೆ ಹೋದ. ಇಬ್ಬರೂ ಸೇರಿ ಒಂದು ಸಾಲು ಹಸುಗಳಿಗೆ ಹಾಕಿ ಮುಗಿಸಿದರು. ಸಾಲಿನ ಕೊನೆಯಲ್ಲಿ ಅವನು ಏನೋ ಹೇಳಿದ, ಅವಳು ತಲೆಯಾಡಿಸಿದಳು. ನನಗೆ ಕೇಳಿಸಲಿಲ್ಲ.

ಹೊರಗೆ ಬಂದಾಗ ಅವನ ಕೋಟಿನ ತುಂಬ ಹುಲ್ಲು. ನನ್ನ ಚಪ್ಪಲಿಯನ್ನು ಕೆಸರಿನಿಂದ ಕಿತ್ತು ಒರೆಸಿ ಕೈಗೆ ಕೊಟ್ಟ.

"ನಾಳೆ ಮ್ಯಾಡಿಸನ್‌ಗೆ ಹೋಗಿ ಕುರ್ಚಿ ಬಿಟ್ಟುಕೊಟ್ಟು ಬರ್ತೀನಿ" ಅಂದ. "ನೀನೂ ಬರ್ತೀಯಾ ಅಕ್ಕಾ? ಒಬ್ಬನೇ ಹೋಗೋಕೆ ಒಂಥರಾ ಆಗುತ್ತೆ."

ಊರಿಗೆ ಊರೇ ಸಹಿ ಹಾಕಿ, ಓಟು ಹಾಕಿ ಕುರ್ಚಿಯಿಂದ ಎಬ್ಬಿಸಲಾಗದ ನನ್ನ ತಮ್ಮನನ್ನು ನಾನು ಒಂದೇ ಮಾತಿನಲ್ಲಿ ಎಬ್ಬಿಸಿದ್ದೆ. ಬರ್ತೀನಿ ಅಂದೆ. ಅಳು ಬಂದುಬಿಟ್ಟಿತು, ಅವನೆದುರಿಗೇ ಅತ್ತೆ.